ಮುಗಿಲಿಲ್ಲದ ಗುಡುಗು

ಮಾಗಡಿ ಸೀಮೆಯ ಸಾವನದುರ್ಗದ ಅಡಿಯಲ್ಲಿ, ಸಾವಂದಿ ವೀರಭದ್ರಸ್ವಾಮಿಯ ಗುಡಿಯ ಬಳಿ ನಿಂತು ಮಳೆಗಾಲದ ಗುಡುಗನ್ನು ಆಲಿಸಿದವರಿಗೆ ಆ ಹೆಬ್ಬಂಡೆ ಸದ್ದನ್ನು ಹೇಗೆ ಮರಳಿಸುವುದೆಂಬುದು ತಿಳಿದಿದೆ. ಆ ಗುಡುಗಿಗಾದರೋ ಮೋಡವೇ ಸಾಕ್ಷಿ. 2020ರ ಮೇ 20ರ ಮಧ್ಯಾಹ್ನ 1.20ರ ಸುಮಾರಿಗೆ ಬೆಂಗಳೂರಿನಲ್ಲಿ ಸ್ಫೋಟದಂತಹ ಶಬ್ದವಾಗಿ ಕಿಟಕಿ ಬಾಗಿಲುಗಳು ಅದುರಿದಾಗ ಅಂತಹ ಸಾಕ್ಷಿಯೊಂದೂ ಇರಲಿಲ್ಲ. ಕೊರೋನಾದ ಅಂಜಿಕೆಯಿಂದ ಮೊದಲೇ ನಲುಗಿದ್ದ ಜನರು ಭೂಕಂಪವೆಂದು ಗಾಬರಿಗೊಂಡರು. ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಸಂಜೆಗೆ ರಕ್ಷಣಾ ಇಲಾಖೆಯ ವಿವರಣೆ ಬಂದಿತು. ವಾಯುಪಡೆಯ ವಿಮಾನವೊಂದು ನಗರದಿಂದ ದೂರದಲ್ಲಿ ಶಬ್ದಾತೀತ ವೇಗದ ಪರೀಕ್ಷಾ ಹಾರಾಟ ನಡೆಸಿ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ವೇಗ ತಗ್ಗಿಸುತ್ತಿದ್ದಾಗ ಉಂಟಾದ ಸದ್ದು ಅದಾಗಿರಬೇಕು. ಅಂತಹ ಸದ್ದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳಿಸಬಲ್ಲದು ಎಂದು ಅದರಲ್ಲಿತ್ತು. ಬೆಂಗಳೂರಿನಿಂದ ಸಾವನದುರ್ಗಕ್ಕಿರುವ ಹಾದಿಯೇ ಸುಮಾರು 60 ಕಿಲೋಮೀಟರ್!

ಇಷ್ಟು ದೊಡ್ಡ ಸದ್ದು ಹುಟ್ಟುವ ಬಗೆ ಯಾವುದು? ಕೆರೆಯಲ್ಲಿ ಈಜುವ ಬಾತುಕೋಳಿಯನ್ನು ನೋಡಿರಿ. ಸುಮ್ಮನೆ ನಿಂತಾಗ ಅಲೆಗಳು ಉಂಗುರವಾಗಿ ಹರಡುತ್ತವೆ. ಅಲೆಗಿಂತ ಬೇಗನೆ ಸಾಗಿದರೆ ಅವು ಒತ್ತೊತ್ತಾಗಿ ಸೇರಿ ನೇಗಿಲ ಸಾಲಿನಂತೆ ಹಿಂದೆ ಚಾಚಿಕೊಳ್ಳುತ್ತವೆ. ನೆಲಮಟ್ಟದಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,225 ಕಿಲೋಮೀಟರ್. ಮೇಲಿನ ಕೊರೆಯುವ ಚಳಿಯಲ್ಲಿ ಸುಮಾರು 1,060. ವಿಮಾನ ಇದನ್ನು ಮೀರಿದೊಡನೆ ಗಾಳಿಗೆ ಸರಿದು ದಾರಿ ಬಿಡಲು ವ್ಯವಧಾನವಿರುವುದಿಲ್ಲ. ಒತ್ತಡವೆಲ್ಲ ಒಂದೇ ಪದರಾಗಿ ಹೆಪ್ಪುಗಟ್ಟುತ್ತದೆ. ದುರುಗಮುರುಗಿಯವರ ಚಾಟಿಯ ಛಟೀರ್ ಸದ್ದೂ ಇದೇ ಜಾತಿಯದು. ಚಾಟಿಯ ತುದಿ ಕ್ಷಣಮಾತ್ರ ಶಬ್ದವನ್ನು ಹಿಂದೆ ಹಾಕಬಲ್ಲದು.

ಶಬ್ದದ ಗೋಡೆಯನ್ನು ಒಡೆಯುವ ಗಳಿಗೆಯಲ್ಲಿ ಮಾತ್ರ ಈ ಸದ್ದಾಗುತ್ತದೆಂಬ ಮಾತು ಬಳಕೆಯಲ್ಲಿದೆ. ಅದು ಸರಿಯಲ್ಲ. ಆ ವೇಗದಲ್ಲಿ ಹಾರುವಷ್ಟು ಹೊತ್ತೂ ವಿಮಾನವು ಈ ಅಲೆಯನ್ನು ಸೆರಗಿನಂತೆ ಎಳೆದೊಯ್ಯುತ್ತದೆ. ಸೆರಗು ತಾಗಿದ ಒಂದೊಂದು ಊರಿಗೂ ಸದ್ದು ಒಮ್ಮೆ ಮಾತ್ರ. ಒಳಗಿನ ಚಾಲಕನಿಗೆ ಅದು ಕೇಳಿಸುವುದೇ ಇಲ್ಲ. ಮೂತಿಯಲ್ಲೊಂದು, ಬಾಲದಲ್ಲೊಂದು ಅಲೆ ಇರುವುದರಿಂದ ಕಿವಿಗೊಟ್ಟವರಿಗೆ ಎರಡು ಬಡಿತ ಕೇಳುವುದೂ ಉಂಟು. ಅಷ್ಟು ಎತ್ತರದಿಂದ ಬಂದ ಅಲೆಯ ಒತ್ತಡ ಸಾಮಾನ್ಯವಾಗಿ ವಾಯುಭಾರದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಥಟ್ಟನೆ ಎರಗುವುದರಿಂದ ಎದೆ ಝಲ್ಲೆನ್ನುತ್ತದೆ.

ವಿಮಾನ ಮೇಲೇರುವಾಗಿನ ಮೊರೆತದ ಕಥೆ ಬೇರೆ. ಇಂಜಿನ್ನಿನಿಂದ ಚಿಮ್ಮುವ ಬಿಸಿಗಾಳಿ ಹೊರಗಿನ ನಿಶ್ಚಲ ಗಾಳಿಯೊಡನೆ ಸುಳಿಸುಳಿಯಾಗಿ ಬೆರೆಯುವಾಗ ಹುಟ್ಟುವ ಸದ್ದು ಅದು. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹೋದವರು ಬಲ್ಲರು.

ಅಂದು ತಲೆಯೆತ್ತಿ ನೋಡಿದವರಿಗೆ ಆಕಾಶ ಬರಿದಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ವಿಮಾನ ನೆತ್ತಿಯ ಮೇಲೆಯೇ ಹಾದುಹೋದರೂ ಅಷ್ಟು ಎತ್ತರದಿಂದ ಸದ್ದು ಇಳಿದು ಬರಲು ಸುಮಾರು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ ಹತ್ತಾರು ಹಳ್ಳಿಗಳನ್ನು ದಾಟಿರುತ್ತದೆ.