ಎದುರಾಳಿ ಇಲ್ಲದ ಪೈಪೋಟಿ

ನಾನು ಖಾನಾಪುರದವ. ಓದಿಗಾಗಿ ಬೆಳಗಾವಿಯ ಮಹಾಂತೇಶ ನಗರದಲ್ಲಿ ರೂಮು ಮಾಡಿಕೊಂಡಿದ್ದೇನೆ. ಜೊತೆಗಿರುವ ಗೆಳೆಯ ಹುಬ್ಬಳ್ಳಿಯವ. ಮಹಾರಾಜ ಟ್ರೋಫಿ ಕ್ರಿಕೆಟ್ ಶುರುವಾದರೆ ಸಾಕು, ‘ನಿಮ್ಮ ಟೀಮ್ ಎಲ್ಲೈತಿಪಾ?’ ಎಂದು ಕಾಲೆಳೆಯುತ್ತಾನೆ. ನನ್ನ ಬಳಿ ಉತ್ತರವಿಲ್ಲ.

ಹಿಂದೆ ಇತ್ತು. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಸುಮಾರು ನೂರು ಕಿ.ಮೀ. ಅಂತರದ ಈ ಎರಡೂ ಊರುಗಳಿಗೆ ತಂಡಗಳಿದ್ದವು. 2017ರಲ್ಲಿ ಬೆಳಗಾವಿ ಪ್ಯಾಂಥರ್ಸ್ ಕಪ್ ಎತ್ತಿದ್ದು ಹುಬ್ಬಳ್ಳಿಯ ಮೈದಾನದಲ್ಲೇ! 2019ರಲ್ಲಿ ಹುಬ್ಬಳ್ಳಿ ಟೈಗರ್ಸ್ ಚಾಂಪಿಯನ್. ಲೆಕ್ಕ ಸಮವಾಯಿತು, ಆಟ ಅಲ್ಲಿಗೇ ನಿಂತಿತು.

ಅದೇ ಸೆಪ್ಟೆಂಬರ್‌ನಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ಆರೋಪದಡಿ ಬೆಳಗಾವಿ ತಂಡದ ಮಾಲೀಕರನ್ನು ಬೆಂಗಳೂರು ಪೊಲೀಸರು ಬಂಧಿಸಿದರು. ಬಳಿಕ ಬೇರೆ ತಂಡಗಳ ಆಟಗಾರರ ಬಂಧನವೂ ಆಯಿತು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಐಪಿಸಿ 420ನೇ ಸೆಕ್ಷನ್ನಿನ ವಂಚನೆಯಾಗದು, ಕ್ರಮ ಜರುಗಿಸಬೇಕಾದದ್ದು ಬಿಸಿಸಿಐ ಎಂದು ಹೇಳಿ ಆರೋಪಪಟ್ಟಿ ರದ್ದುಪಡಿಸಿತು. ಪ್ರೇಕ್ಷಕ ಸ್ವಇಚ್ಛೆಯಿಂದ ಟಿಕೆಟ್ ಕೊಂಡಿರುತ್ತಾನೆ ಎಂಬುದು ಅದರ ಒಂದು ಕಾರಣ. ಕಾನೂನು ಹಾಗಿರಬಹುದು. ಆದರೆ ಪ್ರೇಕ್ಷಕ ಟಿಕೆಟ್ ಜೊತೆ ನಂಬಿಕೆಯನ್ನೂ ಕೊಟ್ಟಿದ್ದನಲ್ಲ?

ಅದೇ ವರ್ಷ ಲೀಗ್ ಹೊಸ ಹೆಸರಿನಲ್ಲಿ ಮರಳಿತು. ಆರು ತಂಡಗಳಲ್ಲಿ ಹುಬ್ಬಳ್ಳಿ ಇತ್ತು, ಬೆಳಗಾವಿ ಇರಲಿಲ್ಲ. 2023ರಲ್ಲಿ ಹುಬ್ಬಳ್ಳಿಯೇ ಗೆದ್ದಿತು. ನಮಗೆ ಮೈದಾನದ ಕೊರತೆಯೇನೂ ಇಲ್ಲ. ಆಟೋನಗರದ ಕೆಎಸ್‌ಸಿಎ ಮೈದಾನದಲ್ಲಿ 2019ರಲ್ಲಿ ಭಾರತ ‘ಎ’ ತಂಡ ಶ್ರೀಲಂಕಾ ‘ಎ’ ವಿರುದ್ಧ ಆಡಿದೆ.

ಇಂಗ್ಲೆಂಡಿನಲ್ಲಿ ಸೇಂಟ್ ಹೆಲೆನ್ಸ್ ಮತ್ತು ವಿಗನ್ ಎಂಬ ನೆರೆಯೂರುಗಳ ರಗ್ಬಿ ಲೀಗ್ ಕ್ಲಬ್‌ಗಳು 1895ರಿಂದ ಸೆಣಸುತ್ತಿವೆ. ಅಲ್ಲಿ ಮಾಲೀಕರು ಬದಲಾದರೂ ಕ್ಲಬ್ ಊರಲ್ಲೇ ಉಳಿಯುತ್ತದೆ. ನಮ್ಮಲ್ಲಿ ಊರಿನ ಹೆಸರು ಫ್ರಾಂಚೈಸಿಯ ಜರ್ಸಿ ಮೇಲಷ್ಟೇ. ಆಟಗಾರರು ಹರಾಜಿನಿಂದ ಬರುತ್ತಾರೆ. ಹಾಗಾಗಿ ಮಾಲೀಕರ ಪ್ರಕರಣದೊಂದಿಗೆ ತಂಡವೂ ಹೋಯಿತು, ಊರು ಕೇಳಲಿಲ್ಲ.

ಮತ್ತೆ ಫ್ರಾಂಚೈಸಿ ಬಂದರೆ ಸಂತೋಷವೇ. ಆದರೆ ಅದಕ್ಕಾಗಿ ಕಾಯುವ ಬದಲು ಎರಡೂ ಊರಿನ ಕಾಲೇಜುಗಳು, ಕ್ಲಬ್‌ಗಳು ಸೇರಿ ವರ್ಷಕ್ಕೊಂದು ಪಂದ್ಯ ಆಡಬಾರದೇಕೆ? ಒಂದು ವರ್ಷ ಆಟೋನಗರ, ಮರುವರ್ಷ ಹುಬ್ಬಳ್ಳಿಯ ರಾಜನಗರ. ಹರಾಜು ಬೇಡ, ಊರಿನ ಹುಡುಗರೇ ಸಾಕು.

ಗೆಳೆಯನಿಗೆ ಹೇಳಿದೆ. ‘ಬರ್ರಿ, ಸೋತು ಹೋಗ್ರಿ’ ಎಂದ. ಪೈಪೋಟಿ ಇನ್ನೂ ಸತ್ತಿಲ್ಲ ಅನ್ನಿಸಿತು.