ಅಂಬಾಸಿಡರೋ? ಪದ್ಮಿನಿಯೋ?

ಹಳೆಯ ಕಾರುಗಳ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾರ್ಥಿನಿಲಯದಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಅಂಬಾಸಿಡರಿನ ಪಕ್ಷ, ಇನ್ನೊಂದು ಪ್ರೀಮಿಯರ್ ಪದ್ಮಿನಿಯ ಪಕ್ಷ. ಯಾವುದನ್ನೂ ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲವಾದುದರಿಂದ ವಾದವು ನಿಸ್ಸ್ವಾರ್ಥವಾಗಿಯೇ ನಡೆಯುತ್ತದೆ! ನನ್ನ ಅಲ್ಪಮತಿಗೆ ತೋರಿದ ಎರಡು ಮಾತುಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಎರಡೂ ಪರದೇಶದಲ್ಲಿ ಹುಟ್ಟಿ ನಮ್ಮಲ್ಲಿ ಬೆಳೆದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎನಿಸಿ, 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇಟಲಿಯ ಫಿಯೆಟ್ 1100 ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು.

ಮೊದಲು ಓಟದ ವಿಚಾರ. ಪದ್ಮಿನಿಯ ಪೆಟ್ರೋಲ್ ಎಂಜಿನ್ 1089 ಸಿ.ಸಿ.; ಅಂಬಾಸಿಡರಿಗೆ ಬಹುಕಾಲ ಇದ್ದುದು 1489 ಸಿ.ಸಿ. ಎಂಜಿನ್ ಚಿಕ್ಕದಾದರೂ ಪದ್ಮಿನಿಯ ಮೈ ಹಗುರ. ಇಕ್ಕಟ್ಟಿನ ಬೀದಿಯಲ್ಲಿ ತಿರುಗಿಸುವುದು ಸುಲಭ. ಮುಂಬಯಿಯ ಟ್ಯಾಕ್ಸಿಯವರು ದಶಕಗಳ ಕಾಲ ಅದನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಇಲ್ಲಿ ಪದ್ಮಿನಿಗೇ ಜಯ.

ಇನ್ನು ಉಪಯುಕ್ತತೆ. ಯಾರಿಗೆ ಉಪಯುಕ್ತ ಎಂಬುದನ್ನು ಮೊದಲು ಕೇಳಬೇಕು. 1964ರ ಮಾದರಿಯ ಫಿಯೆಟ್ ಕೊಳ್ಳಲು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರೇ ಬ್ಯಾಂಕಿನಲ್ಲಿ 5000 ರೂಪಾಯಿ ಸಾಲ ಮಾಡಬೇಕಾಯಿತು. ಪ್ರಧಾನಿಗಳ ಪಾಡೇ ಹೀಗಾದರೆ, ಕೂಲಿ ಮಾಡುತ್ತಿದ್ದ ನನ್ನ ತಾತನ ಪಾಡೇನು? ನಮ್ಮಂಥವರಿಗೆ ಕಾರೆಂದರೆ ಬಾಡಿಗೆಯ ಕಾರು. ಅದೂ ಮದುವೆಗೆ, ಇಲ್ಲವೆ ಆಸ್ಪತ್ರೆಗೆ.

ನನ್ನ ತಂದೆಯವರು ತಾಲ್ಲೂಕು ಕೇಂದ್ರದಲ್ಲಿ ಬೇರೊಬ್ಬರ ಅಂಬಾಸಿಡರ್ ಓಡಿಸುತ್ತಿದ್ದರು. ನಾನು ಚಿಕ್ಕವನಿದ್ದಾಗ ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ನೆರೆಮನೆಯ ವಕೀಲರು ತಮ್ಮ ಹಳೆಯ ಪದ್ಮಿನಿಯ ಕೀಲಿಯನ್ನು ತಾವಾಗಿಯೇ ತಂದುಕೊಟ್ಟರು. ಆದರೆ ಎತ್ತರದ ಆಳಾದ ಅಜ್ಜಿಯನ್ನು ಅದರ ಹಿಂದಿನ ಸೀಟಿನಲ್ಲಿ ಮಲಗಿಸಲಾಗಲಿಲ್ಲ. ಕೊನೆಗೆ ಅಂಬಾಸಿಡರಿನಲ್ಲಿ, ಕಾಲು ತುಸು ಮಡಿಸಿ ಮಲಗಿಸಿದರು; ಅವ್ವ ಕೆಳಗೆ ಕುಳಿತು ತಲೆ ಹಿಡಿದುಕೊಂಡಳು. ಅಂದಿನಿಂದ ನಾನು ಅಂಬಾಸಿಡರಿನ ಪಕ್ಷ.

ಈಚೆಗೆ ಇದನ್ನು ತಂದೆಯವರಿಗೆ ಹೇಳಿದಾಗ ಅವರು ನಕ್ಕು, “ಸೀಟು ದೊಡ್ಡದು ನಿಜ ಮಗ. ಆದರೆ ಅದರ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ನನ್ನ ಭುಜ ಹೋಯಿತು” ಎಂದರು. ಈ ಮಾತು ನನ್ನನ್ನು ಚಿಂತೆಗೆ ಹಚ್ಚಿತು. ಕೊಳ್ಳುವವರು ವರ್ಷಗಟ್ಟಲೆ ಸರದಿ ಕಾಯುತ್ತಿದ್ದ ಕಾಲದಲ್ಲಿ ಸುಧಾರಣೆಯ ಆತುರ ತಯಾರಕರಿಗೆಲ್ಲಿತ್ತು? 1983ರಲ್ಲಿ ಮಾರುತಿ ಬಂದ ಮೇಲೆಯೇ ಇವೆರಡರ ಹಳಮೆ ಜನರ ಕಣ್ಣಿಗೆ ಬಿದ್ದದ್ದು.

ಆದುದರಿಂದ ಹಳೆಯದನ್ನೆಲ್ಲ ಹೊಗಳುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ಕಾರಿನ ಯೋಗ್ಯತೆಯನ್ನು ಕೊಂಡವನ ಕಣ್ಣಿನಿಂದ ಮಾತ್ರ ಅಳೆಯಬೇಡಿ. ಬಾಡಿಗೆ ಕೊಟ್ಟು ಏರಿದವರನ್ನು ಕೇಳಿ. ಸಂಬಳಕ್ಕೆ ಓಡಿಸಿದವನನ್ನೂ ಕೇಳಿ. ನನ್ನ ಮತ ಇಂದಿಗೂ ಅಂಬಾಸಿಡರಿಗೇ. ಆದರೆ ತಂದೆಯವರ ಭುಜವನ್ನು ಮರೆತು ಕೊಟ್ಟ ಮತವಲ್ಲ.