ಆರ್ಡರ್ ತಗೊಳ್ಳೋದು ಅವಳ ಕೆಲಸ, 'ಬೇಡ' ಅನ್ನೋದು ಸಂಘದ ಕೆಲಸ

ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳಲ್ಲಿ ಈಗ ಒಂದೊಂದು ಸೇಲ್ಸ್ ಟೀಮ್ ಇದೆ. ಆ ಹೆಸರಿನಿಂದ ಯಾರೂ ಕರೆಯೋದಿಲ್ಲ, ಅಷ್ಟೇ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೇರಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ, ಉಪ್ಪಿನಕಾಯಿ ಮಾಡುತ್ತಾರೆ. ಅವರಲ್ಲಿ ಫೋನ್ ಚೆನ್ನಾಗಿ ಬಳಸಲು ಬರುವ ಒಬ್ಬರೋ ಇಬ್ಬರೋ ಫೋಟೊ ತೆಗೆದು ಫೇಸ್‌ಬುಕ್ ಪೇಜಿಗೆ ಹಾಕುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತಗೊಳ್ಳುತ್ತಾರೆ, ಹಣ ಬಂತಾ ನೋಡುತ್ತಾರೆ, ಪಾರ್ಸೆಲ್ ಕಟ್ಟಿ ಬಸ್ಸಿಗೆ ಹಾಕುತ್ತಾರೆ. ಬಹಳ ಕಡೆ ಅದು ಪಿಯುಸಿ ಓದಿದ ಸೊಸೆ ಅಥವಾ ಸದಸ್ಯರೊಬ್ಬರ ಮಗಳು. ಫೋನ್ ಅವಳದೇ, ರೀಚಾರ್ಜ್ ಅವಳದೇ. ಮೋಸ ಆದ ದಿನ ಬೈಗುಳವೂ ಅವಳಿಗೇ.

ನನ್ನ ತಕರಾರು ಇರೋದು ಈ ಕೊನೆಯ ಮಾತಿನ ಬಗ್ಗೆ. ಆನ್‌ಲೈನ್ ಮೋಸದ ಸುದ್ದಿಗಳೆಲ್ಲ 'ಜನ ಎಚ್ಚರದಿಂದ ಇರಬೇಕು' ಅಂತ ಮುಗಿಯುತ್ತವೆ. ಆದರೆ ಮಾರಾಟಕ್ಕೆ ಕೂತವಳಿಗೆ ಬರೀ ಎಚ್ಚರ ಸಾಲದು. ಬಂದ ಗಿರಾಕಿಯನ್ನು ನಂಬೋದು, ಹೂಂ ಅನ್ನೋದು ಅವಳ ಕೆಲಸ. ಕಳ್ಳ ಹಿಡಿಯೋದು ಅದೇ ಗುಣವನ್ನು. ಹಾಗಾಗಿ 'ಬೇಡ' ಅನ್ನುವ ಹೊಣೆಯನ್ನು ಸಂಘ ಹೊರಬೇಕು, ಅದೂ ಬರವಣಿಗೆಯಲ್ಲಿ.

ಮೊದಲು ಮೋಸ ಹೇಗೆ ಬರುತ್ತದೆ ನೋಡಿ.

ಒಂದು, ಸೈನ್ಯದ ಹೆಸರಿನ ಆರ್ಡರ್. 'ನಾನು ಆರ್ಮಿ ಅಧಿಕಾರಿ, ಕ್ಯಾಂಪಿಗೆ ಐನೂರು ರೊಟ್ಟಿ ಬೇಕು' ಅಂತ ಹಿಂದಿಯಲ್ಲಿ ಫೋನ್. ಯೂನಿಫಾರ್ಮ್ ಹಾಕಿದ ಫೋಟೊ, ಗುರುತಿನ ಚೀಟಿ ಎಲ್ಲಾ ವಾಟ್ಸ್‌ಆ್ಯಪ್‌ಗೆ ಬರುತ್ತವೆ. ಚೌಕಾಸಿ ಮಾಡೋದಿಲ್ಲ, ಹೇಳಿದ ರೇಟಿಗೆ ಒಪ್ಪುತ್ತಾನೆ. ಆಮೇಲೆ 'ಅಡ್ವಾನ್ಸ್ ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಅನ್ನುತ್ತಾನೆ. ಒತ್ತಿದರೆ ಹಣ ಬರೋದಿಲ್ಲ, ಹೋಗುತ್ತದೆ. 'ಅಯ್ಯೋ ತಪ್ಪಾಯ್ತು, ವಾಪಸ್ ಹಾಕುತ್ತೇನೆ' ಅಂತ ಇನ್ನೊಂದು ಕೋಡ್ ಕಳಿಸುತ್ತಾನೆ. ನೆನಪಿಡಿ: ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಮ್ಮ ಹಣ ಹೋಗುತ್ತದೆ.

ಎರಡು, ಪೇಜಿಗೆ ಬರುವ ಬೆದರಿಕೆ. 'ನಿಮ್ಮ ಪೇಜ್ ನಿಯಮ ಮುರಿದಿದೆ, 24 ಗಂಟೆಯಲ್ಲಿ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ' ಅಂತ ಮೆಸೆಂಜರ್‌ಗೆ ಸಂದೇಶ ಬರುತ್ತದೆ. ಮೆಟಾ ಕಂಪನಿಯ ಲೋಗೊ ಇರುತ್ತದೆ. ಇಲ್ಲವೇ 'ನಿಮಗೆ ನೀಲಿ ಟಿಕ್ ಕೊಡುತ್ತೇವೆ' ಅಂತ ಆಸೆ ತೋರಿಸುತ್ತಾರೆ. ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದರೆ ಮೂರು ವರ್ಷ ಕಟ್ಟಿದ ಪೇಜ್ ಮೂರು ನಿಮಿಷದಲ್ಲಿ ಬೇರೆಯವರ ಕೈಗೆ ಹೋಗುತ್ತದೆ. ನಿಜವಾದ ನೋಟಿಸ್ ಇದ್ದರೆ ಅದು ಫೇಸ್‌ಬುಕ್ ಒಳಗೇ, ಸಪೋರ್ಟ್ ಇನ್‌ಬಾಕ್ಸ್‌ನಲ್ಲಿ ಕಾಣುತ್ತದೆ. ಗೊತ್ತಿಲ್ಲದ ಪ್ರೊಫೈಲಿನಿಂದ ಚಾಟ್‌ಗೆ ಬರೋದಿಲ್ಲ.

ಮೂರು, ದೊಡ್ಡ ಬ್ರಾಂಡಿನ ಹೆಸರು. 'ನಿಮ್ಮ ಚಟ್ನಿಪುಡಿಯನ್ನು ನಮ್ಮ ಎಲ್ಲಾ ಅಂಗಡಿಗಳಲ್ಲಿ ಇಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ.' ಶುಲ್ಕ ಆದ ಮೇಲೆ ಡೆಪಾಸಿಟ್, ಡೆಪಾಸಿಟ್ ಆದ ಮೇಲೆ ಲ್ಯಾಬ್ ಟೆಸ್ಟ್ ಖರ್ಚು. ಸರ್ಕಾರದ ಹೆಸರಿನಲ್ಲೂ ಇದು ನಡೆಯುತ್ತದೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಒಂದು ಪೈಸೆಯೂ ಶುಲ್ಕವಿಲ್ಲ. ಅದಕ್ಕೂ ಸಾವಿರಾರು ರೂಪಾಯಿ ಕೇಳುವ ವೆಬ್‌ಸೈಟ್‌ಗಳಿವೆ.

ಇನ್ನು ಹಣ ಹಾಕಿದ ಹಾಗೆ ಕಾಣುವ ನಕಲಿ ಸ್ಕ್ರೀನ್‌ಶಾಟ್, ನಮ್ಮದೇ ಫೋಟೊ ಕದ್ದು ನಮ್ಮದೇ ಹೆಸರಿನಲ್ಲಿ ತೆರೆಯುವ ಇನ್ನೊಂದು ಪೇಜ್, ಇವೆಲ್ಲ ದಿನನಿತ್ಯದ ಮಾತು.

ಇದನ್ನೆಲ್ಲ ಓದಿ 'ಇಷ್ಟೂ ಗೊತ್ತಾಗಲಿಲ್ವಾ ಅವಳಿಗೆ' ಅನ್ನೋದು ಸುಲಭ. ಅವಳ ಜಾಗದಲ್ಲಿ ಕೂತು ನೋಡಿ. ಒಂದು ಕಡೆ ಒಲೆಯ ಮೇಲೆ ಸಾರು, ಇನ್ನೊಂದು ಕಡೆ ಅಳುವ ಕೂಸು, ಕಿವಿಯಲ್ಲಿ ಐನೂರು ರೊಟ್ಟಿಯ ಆರ್ಡರ್. ಸಂಘದಲ್ಲಿ ಮಾಲು ಉಳಿದಿದೆ, ಸಾಲದ ಕಂತು ಹತ್ತಿರ ಬಂದಿದೆ. 'ಈಗಲೇ ಮಾಡಿ, ಇಲ್ಲಾಂದ್ರೆ ಬೇರೆ ಸಂಘಕ್ಕೆ ಕೊಡುತ್ತೇನೆ' ಅಂತ ಅವನು ಅವಸರ ಮಾಡುತ್ತಾನೆ. ಆರ್ಡರ್ ಬಿಟ್ಟರೂ ಬೈಗುಳ, ಮೋಸ ಹೋದರೂ ಬೈಗುಳ. ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರೇ ಮೋಸ ಹೋಗುವ ಕಾಲದಲ್ಲಿ ಅವಳೊಬ್ಬಳ ಜಾಣತನದ ಮೇಲೆ ಇಡೀ ಸಂಘದ ದುಡ್ಡು ನಿಲ್ಲಿಸೋದು ನ್ಯಾಯವಲ್ಲ.

ಹಾಗಾದರೆ ಸಂಘ ಏನು ಮಾಡಬೇಕು? ನಡಾವಳಿ ಪುಸ್ತಕದಲ್ಲಿ ಒಂದು ಪುಟ ಸಾಕು.

ಹಣ ಸಂಘದ ಬ್ಯಾಂಕ್ ಖಾತೆಗೆ ಮಾತ್ರ ಬರಬೇಕು. ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸುವಂತಿಲ್ಲ, ಖಾತೆಗೆ ಜಮಾ ಆಗಿದ್ದನ್ನು ನೋಡಿಯೇ ಕಳಿಸಬೇಕು. ಗಿರಾಕಿ ಕಳಿಸಿದ ಕೋಡನ್ನು ನಾವು ಸ್ಕ್ಯಾನ್ ಮಾಡುವಂತಿಲ್ಲ. ನಮ್ಮ ಕೋಡನ್ನು ಅವರು ಸ್ಕ್ಯಾನ್ ಮಾಡಲಿ.

ದೊಡ್ಡ ಆರ್ಡರ್‌ಗೆ ಒಬ್ಬರೇ ಹೂಂ ಅನ್ನುವಂತಿಲ್ಲ. ಎಷ್ಟು ರೂಪಾಯಿ ದಾಟಿದರೆ ದೊಡ್ಡದು ಅಂತ ಸಂಘವೇ ತೀರ್ಮಾನಿಸಲಿ. ಅದಕ್ಕೆ ಇಬ್ಬರ ಒಪ್ಪಿಗೆ, ಒಂದು ರಾತ್ರಿಯ ಸಮಯ ಬೇಕು. ಹೊರಗಿನವರಿಗೆ ಶುಲ್ಕ, ಡೆಪಾಸಿಟ್ ಕಟ್ಟೋದಾದರೆ ಸಭೆಯ ಠರಾವು ಬೇಕೇ ಬೇಕು.

ಪೇಜಿಗೆ ಇಬ್ಬರು ಅಡ್ಮಿನ್ ಇರಲಿ. ಫೇಸ್‌ಬುಕ್, ವಾಟ್ಸ್‌ಆ್ಯಪ್ ಎರಡಕ್ಕೂ ಟು ಸ್ಟೆಪ್ ವೆರಿಫಿಕೇಶನ್ ಹಾಕಿಸಿ. ಒಟಿಪಿ ಯಾರಿಗೂ ಹೇಳುವಂತಿಲ್ಲ, ಸಂಘದ ಅಧ್ಯಕ್ಷರಿಗೂ ಇಲ್ಲ. ವ್ಯಾಪಾರಕ್ಕೆ ಸಂಘದ ಹೆಸರಿನ ಬೇರೆ ಸಿಮ್ ಇರಲಿ, ಅದರ ರೀಚಾರ್ಜ್ ಸಂಘದ ಲೆಕ್ಕದಿಂದ ಹೋಗಲಿ. ಫೋನ್ ಹಿಡಿದವಳ ಸಮಯಕ್ಕೂ ಒಂದಿಷ್ಟು ಕೂಲಿ ಕಟ್ಟಿ. ರೊಟ್ಟಿ ಬಡಿದವರಿಗೆ ಲೆಕ್ಕ ಇರುವಾಗ ಮಾರಿದವಳಿಗೆ ಯಾಕಿಲ್ಲ?

ಇಷ್ಟಿದ್ದರೆ ಅವಸರ ಮಾಡುವವನಿಗೆ ಅವಳು ಧೈರ್ಯವಾಗಿ ಹೇಳಬಹುದು: 'ಸರ್, ನಮ್ಮ ಸಂಘದ ರೂಲ್ಸ್ ಹೀಗಿದೆ.' ಹಾಗೆ ಹೇಳಿದಾಗ ಅವಳ ಹಿಂದೆ ಹತ್ತು ಜನ ನಿಂತಿರುತ್ತಾರೆ.

'ಹೀಗೆಲ್ಲ ಮಾಡಿದರೆ ಗಿರಾಕಿ ಓಡಿಹೋಗುತ್ತಾರೆ' ಅನ್ನುವವರಿದ್ದಾರೆ. ನೂರು ರೂಪಾಯಿ ಚಟ್ನಿಪುಡಿ ಕೊಳ್ಳುವವರಿಗೆ ಈ ನಿಯಮಗಳಿಂದ ಏನೂ ತೊಂದರೆ ಇಲ್ಲ. ಐನೂರು ರೊಟ್ಟಿ ಬೇಕಾದವನು ನಿಜವಾದ ಗಿರಾಕಿಯಾಗಿದ್ದರೆ ನಾಳೆ ಬೆಳಿಗ್ಗೆವರೆಗೆ ಕಾಯುತ್ತಾನೆ. ಒಂದೊಂದು ಆರ್ಡರ್ ತಪ್ಪಬಹುದು, ಒಪ್ಪುತ್ತೇನೆ. ಆದರೆ ಒಂದು ಮೋಸ ತಿನ್ನುವುದು ತಿಂಗಳುಗಟ್ಟಲೆ ದುಡಿದ ಲಾಭವನ್ನು.

ಇಷ್ಟಾಗಿಯೂ ಮೋಸ ಆದರೆ? ಮೊದಲ ಕೆಲಸ 1930ಕ್ಕೆ ಫೋನ್. ಕೂಡಲೇ ಹೇಳಿದರೆ ಹಣವನ್ನು ನಡುವೆಯೇ ತಡೆಹಿಡಿಯುವ ಅವಕಾಶ ಇರುತ್ತದೆ; ತಡವಾದಷ್ಟೂ ಅದು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತದೆ. ಜೊತೆಗೆ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ಗ್ರಾಹಕರ ಅಜಾಗ್ರತೆಯಿಂದ ನಷ್ಟವಾದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಆಮೇಲೆ ಜಿಲ್ಲೆಯ ಸೆನ್ ಠಾಣೆಗೆ ಹೋಗಿ. ಚಾಟ್, ನಂಬರ್, ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.

ಇಲ್ಲೇ ಬೈಗುಳದ ನಿಜವಾದ ನಷ್ಟ ಗೊತ್ತಾಗೋದು. ಬೈಯುತ್ತಾರೆ ಅಂತ ಹೆದರಿದವಳು ಎರಡು ದಿನ ಬಾಯಿ ಬಿಡೋದಿಲ್ಲ. ತನ್ನ ಕಿವಿಯೋಲೆ ಅಡವಿಟ್ಟು ಗುಟ್ಟಾಗಿ ತುಂಬಿಬಿಡೋಣ ಅಂದುಕೊಳ್ಳುತ್ತಾಳೆ. ಆ ಎರಡು ದಿನವೇ ಕಳ್ಳನಿಗೆ ಬೇಕಾಗಿರೋದು. ಆದ್ದರಿಂದ ಆ ಪುಟದ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ: ನಿಯಮದಂತೆ ನಡೆದೂ ನಷ್ಟವಾದರೆ ಅದು ಸಂಘದ ನಷ್ಟ, ಒಬ್ಬಳ ತಲೆಗೆ ಕಟ್ಟುವಂತಿಲ್ಲ, ಮೋಸ ಆಯಿತು ಅಂತ ಮೊದಲು ಬಂದು ಹೇಳಿದವರನ್ನು ಯಾರೂ ಬೈಯುವಂತಿಲ್ಲ.

ಒಕ್ಕೂಟದವರು, ಎಂಬಿಕೆಗಳು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ಸಭೆಯಲ್ಲಿ ಉಳಿತಾಯ, ಸಾಲ ಮರುಪಾವತಿ ಆದ ಮೇಲೆ ಇದಕ್ಕೆ ಅರ್ಧ ಗಂಟೆ ಕೊಡಿ. ಆ ಪುಟಕ್ಕೆ ಎಲ್ಲರ ಸಹಿ ಹಾಕಿಸಿ. ಅದರ ಫೋಟೊ ತೆಗೆದು ಸಂಘದ ಗ್ರೂಪಿಗೂ ಹಾಕಿ.